ಕನ್ನಡಿ ಮುಂದಿನ ಕೈ

ಅತ್ತಿಯವರೇ,

ನೀವು ಗುಡಿಯಿಂದ ಬರುವಷ್ಟರಲ್ಲಿ ನಾನು ಗುಲಬರ್ಗಾ ಬಸ್ಸು ಹತ್ತಿರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಪುಂಡಿಪಲ್ಯ ಬಿಸಿ ಮಾಡಿಕೊಳ್ಳಿ. ಬಿ.ಪಿ. ಗುಳಿಗೆ ಮರೆಯಬೇಡಿ.

ನಿನ್ನೆ ಕಟ್ಟೆಯ ಮೇಲೆ ಪಕ್ಕದ ಮನೆಯ ಗಂಗಾಬಾಯಿ ಹೇಳಿದ್ದು ನನಗೂ ಕೇಳಿಸಿತು: "ಅಕ್ಕಾ, ನಿಮ್ಮ ಸೊಸಿ ಕನ್ನಡಿ ಮುಂದ ನಿಂತು ಸುಮ್ನ ಕೈ ಆಡಸಾಕತ್ಯಾಳ. ಗಾಳಿ ಸೋಕ್ಯಾದ. ಬಿಡಿಸಾಕ ಗಾಣಗಾಪುರಕ್ಕ ಕರಕೊಂಡು ಹೋಗ್ರಿ." "ನಾಳೀನೇ ಗುರುವಾರ ಅದ, ಹೋಗ್ತೀವಿ" ಎಂದು ನೀವು ಒಪ್ಪಿದ್ದೂ ಕೇಳಿಸಿತು. ಕಟ್ಟಿಟ್ಟ ಗಂಟು ಬಿಚ್ಚಿಬಿಡಿ. ನನಗೆ ಏನೂ ಸೋಕಿಲ್ಲ.

ಸಂಗೀತದ ಕ್ಲಾಸಿನಲ್ಲಿ ನಾನು ಕಲಿಯುತ್ತಿರುವುದೇ ಅದು. ಮೂವತ್ತು ಮಂದಿ ಕೂಡಿ ಹಾಡುವಾಗ ಎದುರಿಗೆ ನಿಂತವಳು ಹಾಡುವುದಿಲ್ಲ, ಕೈಯಿಂದಲೇ ಹಾಡಿಸಬೇಕು. ಎತ್ತಿದ ಕೈ ಇಳಿದಾಗ ಹಾಡು ಶುರು. ಹೋದ ವಾರ ನಾನು ಎತ್ತಿದ ಕೈ ಇಳಿಯಲೇ ಇಲ್ಲ. ಎಲ್ಲರೂ ಉಸಿರೆಳೆದುಕೊಂಡು ಕಾಯುತ್ತಿದ್ದರು. ನನಗೆ ಬಳೆಯಿಲ್ಲದ ಮಣಿಕಟ್ಟಷ್ಟೇ ಕಾಣುತ್ತಿತ್ತು. ಇಂದು ಪರೀಕ್ಷೆ. ಮತ್ತೆ ಹಾಗೇ ಆದರೆ ಕ್ಲಾಸಿನಿಂದ ತೆಗೆದುಬಿಡುತ್ತಾರೆ. ಅದಕ್ಕೇ ದಿನಾ ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ಮೊದಲೇ ಹೇಳಬೇಕಿತ್ತು. ಈಚೆಗೆ ನನಗೆ ಮಾತು ಬೇಗ ಬರುವುದಿಲ್ಲ.

ನೀರು ತುಂಬಿಟ್ಟಿದ್ದೇನೆ, ಕೊಡ ಎತ್ತಬೇಡಿ.

ನಿಮ್ಮ ಮಗ ಹೋದಾಗಿನಿಂದ ನೀವು ಗುಡಿಗೆ ಹೋದರೂ ಭಜನೆಗೆ ಕೂತಿಲ್ಲ. ಯಾಕೆಂದು ನಾನೂ ಕೇಳಲಿಲ್ಲ. ಸಂಜೆ ಐದಕ್ಕೆ ಬರುತ್ತೇನೆ. ಪಾಸಾದರೂ ಆಗದಿದ್ದರೂ ನಿಮ್ಮೆದುರು ನಿಂತು ಒಮ್ಮೆ ಕೈ ಎತ್ತುತ್ತೇನೆ. ಗಂಗಾಬಾಯಿಯನ್ನೂ ಕರೆಯಿರಿ, ಅವರ ದನಿ ದೊಡ್ಡದು. ಇಬ್ಬರೂ ಹೆದರಬೇಡಿ. ಕೈ ಇಳಿದ ಕೂಡಲೇ ಹಾಡಿ.

ಮಹಾನಂದಾ