ನೋಟ್‌ಬುಕ್ಕಿನಲ್ಲಿ ಇಲ್ಲದ ಬುರೆಕ್

ವ್ರಾನ್ಯೆ, ಸೋಮವಾರ

ಗೌರವಾನ್ವಿತ ಡಾಕ್ಟರ್ ಯಾಸ್ನಾ ಅವರಿಗೆ,

ತಿಂದದ್ದನ್ನೆಲ್ಲ ಬರೆದಿಡುವ ಗುಂಪಿನಲ್ಲಿ ನನ್ನ ನೋಟ್‌ಬುಕ್ಕೇ ಅಚ್ಚುಕಟ್ಟು ಎಂದು ಹೊಗಳಿದಿರಿ. ಇಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ, ಗುರುವಾರ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್‌ಗೆ ದಿನ ಗೊತ್ತುಮಾಡೋಣ ಎಂದಿರಿ. ನಾನು ಬರೆದದ್ದು ಸುಳ್ಳು. ಅತ್ತೆ ದಿನವೂ ಅದನ್ನು ಓದುತ್ತಾರೆ. ಮೊದಲ ವಾರವೇ, "ನನ್ನ ಬುರೆಕ್ ಮೇಲೆ ಡಾಕ್ಟರಿಗೆ ಚಾಡಿ ಬರೀತೀಯೇನೇ? ಚೀಸ್ ತುಂಬಿದ್ದೀನೋ, ವಿಷ ತುಂಬಿದ್ದೀನೋ?" ಎಂದು ಅತ್ತರು. ಆಮೇಲೆ ಎಣ್ಣೆ ಸುರಿಯುವ ಆ ಪದರ ಪದರದ ಕಡುಬನ್ನು ಅವರು ಬಡಿಸಿದಷ್ಟೂ ತಿಂದೆ, ಬರೆಯಲಿಲ್ಲ.

ಮನೆಯವರನ್ನೂ ಕೂರಿಸಿ ಮಾತಾಡುವ ಇನ್ನೊಂದು ಗುಂಪಿಗೆ ನನ್ನನ್ನು ಗುರುವಾರದೊಳಗೆ ಸೇರಿಸಿ. ಅತ್ತೆಯನ್ನು ನೀವೇ ಕರೆಯಿರಿ, ನಾನು ಕೇಳಿದೆ ಎನ್ನಬೇಡಿ. ಅವರು ನಿಮಗೂ ತಟ್ಟೆ ತುಂಬ ತರುತ್ತಾರೆ. ದಯವಿಟ್ಟು ಒಂದೇ ತುಂಡು ತಿಂದು, ಅವರ ಮುಂದೆಯೇ "ಸಾಕು" ಅನ್ನಿ. ಸೊಸೆಯಾಗಿ ಬಂದ ಎರಡು ವರ್ಷದಿಂದ ಆ ಮಾತು ನನ್ನ ಬಾಯಿಂದ ಹೊರಟಿಲ್ಲ.

ಇಂತಿ,
ರುಜಿತ್ಸಾ