ಲಂಡನ್ನಿನಲ್ಲಿ ಜಮಖಂಡಿಯ ತೀರ್ಪು

ಅವ್ವಾ,

ಶರಣು. ಜಮಖಂಡಿ ಕೋರ್ಟು ಸ್ಫೂರ್ತಿಯನ್ನು ನನಗೆ ಒಪ್ಪಿಸಿದ ಮೇಲೂ ಅವಳಪ್ಪ ಅವಳನ್ನು ಲಂಡನ್ನಿಗೆ ಕರೆತಂದು, “ನಿಮ್ಮೂರ ತೀರ್ಪು ಇಲ್ಲಿ ನಡಿಯಂಗಿಲ್ಲ” ಅಂದಿದ್ದನಲ್ಲ. ನಿನ್ನೆ ಇಲ್ಲಿನ ನ್ಯಾಯಾಧೀಶೆ ಅದೇ ತೀರ್ಪನ್ನು ಕೈಯಲ್ಲಿ ಹಿಡಿದು, ಜಮಖಂಡಿ ಎಂಬ ಹೆಸರನ್ನು ತಡವರಿಸುತ್ತ ಓದಿದರು. ಆಮೇಲೆ, “ಆ ನ್ಯಾಯಾಲಯ ತಂದೆ-ತಾಯಿ ಇಬ್ಬರ ಮಾತನ್ನೂ ಕೇಳಿಯೇ ತೀರ್ಮಾನಿಸಿದೆ. ಅದನ್ನು ನಾವು ಗೌರವಿಸುತ್ತೇವೆ, ಮಗು ತಾಯಿಯೊಂದಿಗೆ ಹೋಗಲಿ” ಎಂದರು. ಎಲ್ಲರೂ ಎದ್ದರೂ ನಾನು ಬೆರಗಾಗಿ ಕೂತೇ ಇದ್ದೆ.

ವಕೀಲ ಗಿರಿಮಲ್ಲಪ್ಪನವರಿಗೆ ತಿಳಿಸು. ಸ್ಫೂರ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿಡು. ಅವಳಪ್ಪನ ಹತ್ತಿರವಿರುವ ಅವಳ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ನಮ್ಮೂರು ಹುನ್ನೂರಿಗೆ ಹೊರಡುತ್ತೇವೆ.

ನಿನ್ನೆ ಕೋರ್ಟಿನಿಂದ ಹೊರಗೆ ಬಂದಾಗ ಸ್ಫೂರ್ತಿ, “ಯವ್ವಾ, ಅವ್ರು ನಮ್ಮ ಜಮಖಂಡಿ ನೋಡ್ಯಾರೇನು?” ಎಂದಳು.

“ಇಲ್ಲವ್ವಾ.”

“ಮತ್ತ ಹೆಂಗ ನಂಬಿದ್ರು?”

ಅವ್ವಾ, ನಾನೂ ಅದನ್ನೇ ಯೋಚಿಸುತ್ತಿದ್ದೇನೆ.

ನಿನ್ನ ಮಗಳು,
ಶೈಲಜಾ