ಆಸ್ಪತ್ರೆ ದಿಬ್ಬದ ತಂತಿ

ಜ್ವಾರಿಸುಬಾನಿ, ಜಾರ್ಜಿಯಾ
೧೧ ಫೆಬ್ರವರಿ ೧೯೯೮, ಬುಧವಾರ

ಪ್ರೀತಿಯ ಜುಂಬೆರ್ ಅಣ್ಣಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆ? ಗ್ರೀಸಿನ ಚಳಿ ನಮ್ಮ ಚಳಿಯಷ್ಟು ಕೆಟ್ಟದ್ದಲ್ಲ ಎಂದು ನೀನೇ ಬರೆದಿದ್ದೆ. ಆದರೂ ಕಿತ್ತಳೆ ತೋಟದ ಒದ್ದೆ ನೆಲದಲ್ಲಿ ಮಲಗಬೇಡ. ಅಮ್ಮ ಹೆಣೆದ ಸ್ವೆಟರ್ ಹಾಕಿಕೋ, ಮೊಣಕೈ ಹರಿದಿದ್ದರೆ ಅಲ್ಲಿ ನೋಡುವವರು ಯಾರು? ನಾನು ಚೆನ್ನಾಗಿದ್ದೇನೆ. ಅಪ್ಪನ ವಿಷಯ ನಿಧಾನವಾಗಿ ಬರೆಯುತ್ತೇನೆ.

ನೀನು ಹೋಗುವಾಗ ಊರಲ್ಲಿ ತಲೆಮೇಲಿನ ತಂತಿಯ ಕರೆಂಟಿನಲ್ಲಿ ಓಡುವ ಟ್ರಾಲಿಬಸ್ಸಿಗೆ ಇನ್ನೂ ಮೂರು ಮಾರ್ಗಗಳಿದ್ದವು. ಮೊನ್ನೆಮೊನ್ನೆಯವರೆಗೆ ಉಳಿದಿದ್ದದ್ದು ನಾನು ಓಡಿಸುತ್ತಿದ್ದ ಒಂದೇ. ಡಿಪೋದಿಂದ ಆಸ್ಪತ್ರೆ ದಿಬ್ಬಕ್ಕೆ, ಅದೂ ಮಧ್ಯಾಹ್ನ ಕರೆಂಟು ಕೊಟ್ಟರೆ. ಅಪ್ಪ ಕಂಬ ಹತ್ತಿ ಮೊಟ್ಟಮೊದಲು ತಂತಿ ಎಳೆದದ್ದು ಆ ದಿಬ್ಬಕ್ಕೇ ಅಲ್ಲವೆ? ಆಮೇಲೆ ರೇಷ್ಮೆ ಗಿರಣಿಗೆ, ನದಿಯಾಚೆಯ ಹೊಸ ಬಡಾವಣೆಗೆ, ಸಿಮೆಂಟು ಕಾರ್ಖಾನೆಗೆ, ಊರು ಬೆಳೆದತ್ತೆಲ್ಲ ತಂತಿಯೂ ಬೆಳೆಯಿತು. ಸೋವಿಯತ್ ಒಕ್ಕೂಟ ಒಡೆದು ಗಿರಣಿ ಮುಚ್ಚಿದ ಮೇಲೆ ಬೆಳಗೆದ್ದು ನೋಡಿದರೆ ಒಂದೊಂದು ಬೀದಿಯ ತಂತಿಯೇ ಮಾಯ. ತಾಮ್ರವೆಲ್ಲ ಗುಜರಿಯಾಗಿ ಗಡಿ ದಾಟುತ್ತಿದೆಯಂತೆ. ಹೋದ ತಿಂಗಳು ಅಪ್ಪ ರೊಟ್ಟಿಯ ಸಾಲಿನಲ್ಲಿ ನಿಂತು ಕೂಗಾಡಿದರು: "ದಿಬ್ಬದ ತಂತಿ ಮುಟ್ಟಿದೋನು ಸುಟ್ಟು ಕರಕಲಾಗ್ಲಿ!" ಸಾಲಿಗೆ ಸಾಲೇ ನಕ್ಕಿತು. "ಕರೆಂಟೇ ಇಲ್ಲ ಸೆವೆರಿಯಾನ್ ತಾತ, ಬೆಂಕಿಪೊಟ್ಟಣದಲ್ಲಿ ಸುಡ್ತೀರಾ?" ಎಂದು ಯಾರೋ ಛೇಡಿಸಿದರು.

ಅಣ್ಣಾ, ಗೋದೆರ್ಜಿ ಹೋಗಿಬಿಟ್ಟ. ನಿನ್ನ ಗೋದೆರ್ಜಿಯೇ, ನಿನ್ನ ಜೊತೆ ಏಣಿ ಹೊತ್ತು ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಬೆಳಿಗ್ಗೆ ಎಂದೂ ಕರೆಂಟು ಬರುವುದಿಲ್ಲ ಎಂಬ ನಂಬಿಕೆಯಲ್ಲಿ ಅವನು ತಂತಿ ಕದಿಯಲು ಕತ್ತರಿ ಹಿಡಿದು ದಿಬ್ಬದ ತಿರುವಿನ ಕಂಬ ಹತ್ತಿದ್ದ. ಅವತ್ತು ಬೆಳಿಗ್ಗೆಯೇ ಕರೆಂಟು ಬಂತು. ಡಿಪೋದ ಸ್ವಿಚ್ಚಿನ ಕೋಣೆಯಲ್ಲಿ ಎಂದಿನಂತೆ ಕರೆಂಟಿಗೆ ಕಾದು ಕೂತ ಅಪ್ಪ, ನಾನು ಇಬ್ಬರೇ ಇದ್ದೆವು. ಬಲ್ಬು ಹತ್ತಿದ್ದೇ ತಡ ಅಪ್ಪ ಮಗುವಿನ ಹಾಗೆ ಎದ್ದರು. "ಎತೆರಿ, ಕರೆಂಟು ಬಂತು ಕಣೇ! ಓಡು, ಆಸ್ಪತ್ರೆಯೋರು ಕಾಯ್ತಿರ್ತಾರೆ!" ಎನ್ನುತ್ತಲೇ ದಿಬ್ಬದ ತಂತಿಗೆ ಕರೆಂಟು ಬಿಡುವ ಸ್ವಿಚ್ಚು ಒತ್ತಿದರು. ನಾನು ಬಸ್ಸು ಹೊರಡಿಸಿದೆ. ತಿರುವಿನಲ್ಲಿ ಜನ ಸೇರಿದ್ದರು. ಏಣಿ ಇನ್ನೂ ಕಂಬಕ್ಕೆ ಆನಿಕೊಂಡೇ ಇತ್ತು, ಅವನು ಕೆಳಗಿದ್ದ. ಯಾರೋ ಕೋಟು ಹೊದಿಸಿದ್ದರು, ಕೋಟು ಗಿಡ್ಡ, ಕಾಲು ಮುಚ್ಚಿರಲಿಲ್ಲ.

ಮಣ್ಣು ಮಾಡಿದ ದಿನ ಅವನ ಹೆಂಡತಿ ಮಾಕ್ವಲಾ ನಮ್ಮ ಬಾಗಿಲಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಮಾವ, ನಮ್ಮೋರು ಕರೆಂಟಿಲ್ಲದ ಹೊತ್ತು ನೋಡ್ಕೊಂಡೇ ಹತ್ತಿದ್ರು. ಹಾಗಂತ ಕಲಿಸಿದ್ದು ನೀವೇ ಅಲ್ವಾ?" ಎಂದಷ್ಟೇ ಅಪ್ಪನನ್ನು ಕೇಳಿ ಹೊರಟುಹೋದಳು. ಅವತ್ತಿನಿಂದ ಅಪ್ಪ ಮಾತಾಡಿಲ್ಲ. ಹುರುಳಿಕಾಯಿ ಬೀಜದ ಸಾರಿಗೆ ಮೆಕ್ಕೆಜೋಳದ ರೊಟ್ಟಿ ಮುರಿದು ಹಾಕಿ ಬಾಯಿಗಿಟ್ಟರೆ ನುಂಗುತ್ತಾರೆ, ಇಲ್ಲದಿದ್ದರೆ ಇಲ್ಲ. ಊರು ಮಾತ್ರ ಮಾತಾಡುತ್ತಿದೆ. ರೊಟ್ಟಿಯ ಸಾಲಿನಲ್ಲಿ ನಕ್ಕವರೇ ಈಗ, "ಮುದುಕ ಬೇಕಂತ್ಲೇ ಒತ್ತಿದಾನೆ, ಸುಟ್ಟುಹೋಗ್ಲಿ ಅಂತ ಅವತ್ತೇ ಶಾಪ ಹಾಕಿದ್ನಲ್ಲ" ಎನ್ನುತ್ತಾರೆ. ಪೊಲೀಸರು ಬಂದು ಕೇಳಿದರು. ಅಪ್ಪ ಗೋಡೆ ನೋಡುತ್ತಾ ಕುಳಿತರು. ಆ ಮೌನವನ್ನೇ ಒಪ್ಪಿಗೆ ಎಂದುಕೊಂಡು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದಿಬ್ಬದ ತಂತಿಯನ್ನು ನಗರಸಭೆಯವರೇ ಬಿಚ್ಚಿಸಿ ಸುರುಳಿ ಸುತ್ತಿ ಒಯ್ದರು. ಆಸ್ಪತ್ರೆಗೆ ಹೋಗುವ ಮುದುಕಿಯರು ಈಗ ಕೈಗೆ ಕೈ ಕೊಟ್ಟು ನಡೆದು ಏರುತ್ತಾರೆ.

ಅಪ್ಪನ ಆಶೀರ್ವಾದವನ್ನು ಅವರ ಬದಲು ನಾನೇ ಬರೆಯುತ್ತಿದ್ದೇನೆ, ತೆಗೆದುಕೋ. ಮೈ ಬೆಚ್ಚಗಿಟ್ಟುಕೋ.

ನಿನ್ನ ತಂಗಿ,
ಎತೆರಿ

ಇನ್ನೊಂದು ಮಾತು: ಸ್ವಿಚ್ಚು ಒತ್ತಿದ್ದು ನಾನು ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದೇನೆ. ಯಾರು ಕೇಳಿದರೂ ನೀನೂ ಹಾಗೇ ಹೇಳು. ಈ ವಯಸ್ಸಿನಲ್ಲಿ ಅಪ್ಪ ಜೈಲಿನ ಚಳಿ ತಡೆಯುವುದಿಲ್ಲ. ನಾಳೆ ನನ್ನನ್ನು ಕರೆದೊಯ್ಯುತ್ತಾರೆ. ಪಕ್ಕದ ಮನೆಯವರು ಅಪ್ಪನನ್ನು ಸ್ವಲ್ಪ ದಿನ ನೋಡಿಕೊಳ್ಳುತ್ತಾರಂತೆ. ಬೇಗ ಬಾ. ಅಪ್ಪನಿಗೆ ಯಾರಾದರೂ ತಿನ್ನಿಸಬೇಕು.